ಕೂರುವುದಕ್ಕೊಂದು ನೆಪ

ಬೇಗೂರು
8 ಜೂನ್ 2024

ಅವ್ವನಿಗೆ ನಯನಾ ಮಾಡುವ ನಮಸ್ಕಾರ.

ಫೋನ್ ಇರುವಾಗ ಕಾಗದ ಯಾಕೆ ಬಂತು ಅಂತ ಗಾಬರಿಯಾಗಬೇಡ. ಇಲ್ಲಿ ಎಲ್ಲರೂ ಚೆನ್ನಾಗಿದ್ದಾರೆ. ನಿನಗೆ ಕಿವಿ ಮಂದ, ಸ್ಪೀಕರ್ ಹಾಕದೆ ನೀನು ಮಾತಾಡುವುದಿಲ್ಲ. ನಾನು ಇಲ್ಲಿ ಪಿಸುಗುಟ್ಟಿದ್ದು ಅಲ್ಲಿ ಹರದನಹಳ್ಳಿಯ ಬೀದಿಗೆಲ್ಲ ಕೇಳಿಸುತ್ತದೆ. ಮೊನ್ನೆ "ತಲೆ ಸುತ್ತು ಬಂತಾ ಮಗ?" ಅಂತ ನೀನು ಕೂಗಿದ್ದು ನನ್ನ ಫೋನಿನಿಂದಾಚೆ ಬಂದು ಅತ್ತೆಯ ಕಿವಿಗೂ ಬಿತ್ತು. "ಯಾರ್ಗಮ್ಮಿ ತಲೆಸುತ್ತು?" ಅಂದರು. ಪಕ್ಕದ ಮನೆಯ ಅಜ್ಜಿಗೆ ಅಂದೆ. ಮದುವೆಯಾಗಿ ಮೂರು ತಿಂಗಳಾಗಿಲ್ಲ, ಸುಳ್ಳು ಹೇಳುವುದರಲ್ಲಿ ಎಷ್ಟು ಪಳಗಿದ್ದೇನೆ ನೋಡು.

ವಿಷಯ ಉಪ್ಪಿನದು. ಮಾವನಿಗೆ ಬಿಪಿ, ಅದಕ್ಕೆ ಈ ಮನೆಯ ಸಾರು, ಪಲ್ಯ, ಉಪ್ಪಿಟ್ಟು ಎಲ್ಲ ಸಪ್ಪೆ. ಮೈಸೂರಿನ ಡಾಕ್ಟರು ಹೇಳಿದ್ದು ನಿನಗೆ ನೆನಪಿರಬೇಕು. ಬೇರೆಯವರು ಬಿಡುವ ಉಪ್ಪನ್ನೆಲ್ಲ ನಾನು ತಿನ್ನಬೇಕು, ನೀರು ಜಾಸ್ತಿ ಕುಡಿಯಬೇಕು, ಒಂದೇ ಕಡೆ ತುಂಬ ಹೊತ್ತು ನಿಲ್ಲಬಾರದು. ಇಲ್ಲಿ ಅತ್ತೆಯ ಕೈಯಡುಗೆಗೆ ಉಪ್ಪು ಕೇಳಿದರೆ ನಿಮಗೆ ಅಡುಗೆ ಬರುವುದಿಲ್ಲ ಎಂದು ಮುಖಕ್ಕೆ ಹೇಳಿದಂತೆ. ಇನ್ನು ಕೂರುವ ಮಾತು ಎತ್ತುವ ಹಾಗೇ ಇಲ್ಲ. ಮಾವನ ಎದುರು ಸೊಸೆ ಕೂರುವ ಪದ್ಧತಿ ಈ ಮನೆಯಲ್ಲಿಲ್ಲ. ಅಡುಗೆಮನೆಗೆ ಬಾಗಿಲಿಲ್ಲ, ಮಾವ ನಡುಮನೆಯ ಕುರ್ಚಿ ಬಿಟ್ಟು ಏಳುವುದಿಲ್ಲ. ಅಲ್ಲಿಗೆ ನನ್ನ ಕಥೆ ಮುಗಿಯಿತು.

ಒಲೆ ಮುಂದೆ ನಿಂತು ರೊಟ್ಟಿ ಸುಡುವಾಗ ಗುಂಡಿಗೆ ಕಿತ್ತುಕೊಂಡು ಓಡುತ್ತದೆ ಅವ್ವ. ಕಣ್ಣು ಕತ್ತಲಿಡುತ್ತದೆ. ಬಚ್ಚಲಿಗೆ ಹೋಗಿ ಗೋಡೆಗೊರಗಿ ಕೂತರೆ ಸ್ವಲ್ಪ ಹೊತ್ತಿಗೆ ಸರಿಹೋಗುತ್ತದೆ. ಆಗ ನಾಡಿ ಹಿಡಿದು ನೋಡಿದರೆ ನನ್ನಷ್ಟು ಆರೋಗ್ಯವಂತೆ ತಾಲ್ಲೂಕಿನಲ್ಲೇ ಇಲ್ಲ. "ಬಚ್ಚಲಲ್ಲೇ ಸಂಸಾರ ಮಾಡೀಯಾ?" ಅಂತ ನೆನ್ನೆ ಅತ್ತೆ ಕೇಳಿದರು. ನಾಚಿಕೆಯಾಯಿತು. ಇವರಿಗೂ ಹೇಳಿಲ್ಲ. ಪುಣಜನೂರಿನಲ್ಲಿ ಕರೆಂಟು ಕಂಬ ಹತ್ತುವ ಮನುಷ್ಯ, ವಾರಕ್ಕೊಮ್ಮೆ ಮನೆಗೆ ಬರುವಾಗ ಹೆಂಡತಿಗೆ ನಿಲ್ಲುವುದಕ್ಕೂ ಆಗುವುದಿಲ್ಲ ಅಂತ ಹೇಗೆ ಹೇಳಲಿ?

ಹೇಳಿಬಿಡಲೇ ಅವ್ವ? ನೀನು ಹೂಂ ಅಂದರೆ ಹೇಳುತ್ತೇನೆ.

ನಿನ್ನ ಮಗಳು
ನಯನಾ

ಹರದನಹಳ್ಳಿ
19 ಜೂನ್ 2024

ನಯನ ಕೂಸಿಗೆ ಅವ್ವ ಮಾಡುವ ಆಶೀರ್ವಾದ.

ನಿನ್ನ ಕಾಗದ ಓದಿದಾಗಿನಿಂದ ಅಂಗನವಾಡಿಯ ಅಡುಗೆಯಲ್ಲಿ ಮನಸ್ಸಿಲ್ಲ. ಹೇಳಬೇಡ ಮಗ. ಹೆಣ್ಣು ನೋಡಲು ಬಂದ ದಿನ ನಿನ್ನ ಅತ್ತೆ ಭಾಗ್ಯಮ್ಮ ನನ್ನನ್ನು ಹಿತ್ತಿಲಿಗೆ ಕರೆದು, "ಕೂಸ್ಗೆ ಕಾಯ್ಲೆ ಕಸಾಲೆ ಏನೂ ಇಲ್ಲ ತಾನೆ?" ಅಂತ ಕೇಳಿದರು. ಇಲ್ಲ ಅಂದೆ. ಎದೆ ಮುಟ್ಟಿಕೊಂಡು ಅಂದೆ. ಅಪ್ಪ ಇಲ್ಲದ ಹುಡುಗಿ, ಒಳ್ಳೆ ಮನೆತನ, ಕೆಲಸದಲ್ಲಿರುವ ಹುಡುಗ, ಇದು ಕೈತಪ್ಪಿದರೆ ಅಂತ ಹೆದರಿದೆ.

ಸಕ್ಕರೆ ಕಾಯಿಲೆ ಅಂದರೆ ಜನಕ್ಕೆ ಅರ್ಥವಾಗುತ್ತದೆ. ಹೃದಯದಲ್ಲಿ ತೂತು ಅಂದರೂ ಪಾಪ ಅನ್ನುತ್ತಾರೆ. ಮಲಗಿದರೆ ವಾಸಿ, ನಿಂತರೆ ಕಾಯಿಲೆ ಅಂದರೆ ಅದಕ್ಕೆ ನಮ್ಮ ಕಡೆ ಒಂದೇ ಹೆಸರು, ಮೈಗಳ್ಳತನ. ಡೆಂಗಿ ಜ್ವರ ಬಿಟ್ಟಮೇಲೆ ನೀನು ಎದ್ದಾಗೆಲ್ಲ ಬೀಳುತ್ತಿದ್ದಾಗ ನಾನೇ ನಿನಗೆ ಹಾಗಂದಿದ್ದೆ. ಆ ಡಾಕ್ಟರು ನಿನ್ನನ್ನು ಮಲಗಿಸಿ ನಾಡಿ ಎಣಿಸಿ, ಆಮೇಲೆ ಗೋಡೆ ಪಕ್ಕ ನಿಲ್ಲಿಸಿ ಎಣಿಸಿ, ಎಪ್ಪತ್ತೆರಡು ಇದ್ದದ್ದು ನೂರಮೂವತ್ತಾಯಿತು ನೋಡಿ ಅಂತ ನನಗೆ ತೋರಿಸದಿದ್ದರೆ ಇವತ್ತಿಗೂ ಅನ್ನುತ್ತಿದ್ದೆ. ಹೆತ್ತವಳೇ ನಂಬದ್ದನ್ನು ಅತ್ತೆ ನಂಬುತ್ತಾಳಾ?

ಒಂದು ಉಪಾಯ ಮಾಡಿದ್ದೇನೆ. ನಮ್ಮ ಬೀದಿಯ ಮಾದಣ್ಣ ವ್ಯಾಪಾರಕ್ಕೆ ಬೇಗೂರಿನ ಕಡೆ ಬರುತ್ತಾನೆ, ಅವನ ಕೈಲಿ ಜಾಡಿ ಕಳಿಸುತ್ತೇನೆ. ಉಪ್ಪಿನಲ್ಲಿ ಹಾಕಿದ ನೆಲ್ಲಿಕಾಯಿ, ಮಾವಿನಕಾಯಿ, ಹುಣಸೆ ತೊಕ್ಕು. ಕೈ ಬಿಗಿ ಹಿಡಿಯದೆ ಉಪ್ಪು ಸುರಿದಿದ್ದೇನೆ. ತವರಿನ ಉಪ್ಪಿನಕಾಯಿ ತಿಂದರೆ ಯಾರೂ ಏನೂ ಅನ್ನುವುದಿಲ್ಲ. ಮರೆಯಲ್ಲಿ ತಿನ್ನು.

ಇಂತಿ ನಿನ್ನ ಅವ್ವ
ಸೋಮಮ್ಮ

ಬೇಗೂರು
21 ಜುಲೈ 2024

ಅವ್ವ,

ನಿನ್ನ ಉಪಾಯ ಎಲ್ಲಿಗೆ ತಂದು ನಿಲ್ಲಿಸಿದೆ ಅಂತ ಕೇಳಿದರೆ ನಗುತ್ತೀಯೋ ಅಳುತ್ತೀಯೋ ಗೊತ್ತಿಲ್ಲ.

ಬುಧವಾರ ಬೆಳಗ್ಗೆ ಹಿತ್ತಿಲಲ್ಲಿ ಕುಕ್ಕರಗಾಲಲ್ಲಿ ಕೂತು ನೆಲ್ಲಿಕಾಯಿ ತಿಂದು ಜಾಡಿಯ ತಳದ ಉಪ್ಪನ್ನು ಬೆರಳಲ್ಲಿ ನೆಕ್ಕುತ್ತಿದ್ದೆ. ಹಿಂದೆ ಅತ್ತೆ ನಿಂತಿದ್ದರು. ಗಾಬರಿಯಲ್ಲಿ ದಡಕ್ಕನೆ ಎದ್ದೆ, ಎದ್ದ ತಕ್ಷಣ ಕಣ್ಣು ಕತ್ತಲಾಗಿ ಅಲ್ಲೇ ಕುಸಿದೆ. ಬೈಗುಳಕ್ಕೆ ಕಾಯುತ್ತಿದ್ದೆ. ಅತ್ತೆಯ ಮುಖ ನೋಡಿದರೆ ಹಬ್ಬ. ನನ್ನ ಪಕ್ಕ ಕೂತು ಕಿವಿಯ ಹತ್ತಿರ, "ತಲೆಗ್ ನೀರ್ ಹಾಕ್ಕಂಡು ಎಷ್ಟ್ ದಿನ ಆಯ್ತಮ್ಮಿ?" ಅಂದರು.

ದಿನ ಮೀರಿತ್ತು ಅವ್ವ, ಅದು ಸುಳ್ಳಲ್ಲ. "ಲೆಕ್ಕ ಇಟ್ಟಿಲ್ಲ ಅತ್ತೆ" ಅಂದೆ. ಅಷ್ಟು ಸಾಕಾಯಿತು. ಹುಳಿ ಉಪ್ಪು ತಿನ್ನುವುದು, ತಲೆ ಸುತ್ತುವುದು, ಬಚ್ಚಲಿಗೆ ಓಡುವುದು, ಎಲ್ಲವೂ ಅವರಿಗೆ ಒಂದೇ ಕಡೆ ಕೂಡಿಬಂತು. ಸಂಜೆಯೊಳಗೆ ಬೀದಿಯಲ್ಲಿ ಸಕ್ಕರೆ ಹಂಚಿದರು.

ಮದುವೆಯಾದ ಮೇಲೆ ನನ್ನ ಜೊತೆ ನೇರವಾಗಿ ಮಾತಾಡದ ಮಾವ ಅಂದು, "ಕುಂತ್ಕವ್ವ, ನಿಂತ್ಕಬೇಡ" ಅಂದರು. ಇವರು ಚಾಮರಾಜನಗರದಿಂದ ಬೈಕಿನ ಹಿಂದೆ ಕಟ್ಟಿಕೊಂಡು ಒಂದು ಕುರ್ಚಿ ತಂದು ಅಡುಗೆಮನೆಯಲ್ಲಿ ಇಟ್ಟರು. ಕೂತುಕೊಂಡೇ ಸೊಪ್ಪು ಬಿಡಿಸುತ್ತೇನೆ, ಕೂತುಕೊಂಡೇ ಮಾವನಿಗೆ ಕಾಫಿ ಸೋಸುತ್ತೇನೆ. ನಾಲ್ಕು ದಿನದಿಂದ ಒಂದು ಸಲವೂ ಕಣ್ಣು ಕತ್ತಲಿಟ್ಟಿಲ್ಲ.

ನಿಜವಿರಬಹುದು ಅಲ್ಲವಾ ಅವ್ವ? ನಿಜವಾಗಿದ್ದರೆ ಎಷ್ಟು ಚೆನ್ನ. ಆದರೂ ಬೀದಿಗೆ ಹೇಳಬೇಡ, ಸ್ವಲ್ಪ ತಾಳು.

ನಯನಾ

ಬೇಗೂರು
25 ಆಗಸ್ಟ್ 2024

ಅವ್ವ,

ಇದನ್ನು ಓದಿ ಒಲೆಗೆ ಹಾಕಿಬಿಡು.

ಕಳೆದ ಕಾಗದ ಬರೆದು ವಾರವಾಗಿತ್ತು, ಆಮೇಲೆ ಮುಟ್ಟಾದೆ. ಅಂದೇ ಹೇಳಬೇಕಿತ್ತು. ಹೇಳಲಿಲ್ಲ. ಈ ತಿಂಗಳೂ ಆದೆ. ಹೇಳಲಿಲ್ಲ. ಆ ದಿನಗಳಲ್ಲಿ ದೇವರ ಮನೆಗೆ ಹೋಗದಿದ್ದರೆ ಗೊತ್ತಾಗುತ್ತದಲ್ಲ ಅಂತ ಎಂದಿನಂತೆ ಹೋಗಿ ದೀಪ ಹಚ್ಚಿದೆ. ನನ್ನ ಹಿಂದೆ ನಿಂತು ಅತ್ತೆ ಕೈಮುಗಿದು, "ನಮ್ಮ ಕೂಸ್ನ ಕಾಪಾಡಪ್ಪ" ಅಂದರು. ಬೆಂಕಿಕಡ್ಡಿ ಬೆರಳು ಸುಟ್ಟರೂ ನನಗೆ ಗೊತ್ತಾಗಲಿಲ್ಲ.

ಓಣಂ ಹತ್ತಿರ ಬಂತು. ರಸ್ತೆ ಬದಿಯ ನಮ್ಮ ಚೆಂಡುಹೂವಿನ ಹೊಲದಲ್ಲಿ ಕೇರಳದವರು ಕಾರು ನಿಲ್ಲಿಸಿ ಫೋಟೋ ತೆಗೆಸಿಕೊಳ್ಳುತ್ತಾರೆ. ಅತ್ತೆಯನ್ನು ಅಕ್ಕ ಅನ್ನುವ ಹಾಗೆ ಚೇಚಿ ಚೇಚಿ ಎಂದು ಕರೆಯುತ್ತಾರೆ. ಹೂ ಕೀಳಲು ಅತ್ತೆ ನನ್ನನ್ನು ಕರೆಯಲೇ ಇಲ್ಲ. ಒಬ್ಬರೇ ಬಗ್ಗಿ ಬಗ್ಗಿ ಕಿತ್ತು, ಚೀಲ ಹೊತ್ತು ಹಾಕಿ, ಸಂಜೆ ಸೊಂಟ ಹಿಡಿದುಕೊಂಡು ಬರುತ್ತಾರೆ. ಬರುವಾಗ ನನಗೊಂದು ಎಳನೀರು ತರುತ್ತಾರೆ. ಅದನ್ನು ಕೂತುಕೊಂಡು ಕುಡಿಯುತ್ತೇನೆ. ನನ್ನಂಥ ನಾಚಿಕೆಗೆಟ್ಟವಳು ಇದ್ದಾಳಾ?

ಪ್ರತಿ ಬೆಳಗ್ಗೆ ಹೇಳಲೆಂದು ಬಾಯಿ ತೆರೆಯುತ್ತೇನೆ. ಆಮೇಲೆ ಆ ಒಲೆ, ಆ ನಿಲುವು ನೆನಪಾಗುತ್ತದೆ, ಬಾಯಿ ಮುಚ್ಚುತ್ತೇನೆ. ಮೈ ಮಾತ್ರ ಎಷ್ಟು ಚೆನ್ನಾಗಿದೆ ಗೊತ್ತಾ? ಕೂತರೆ, ಉಪ್ಪು ತಿಂದರೆ, ಕೇಳಿದಷ್ಟು ನೀರು ಕುಡಿದರೆ ನಾನೂ ಎಲ್ಲರಂತೆಯೇ. ಬಸುರಿಗೆ ಸಿಗುವುದು ನನಗೆ ಸಿಕ್ಕರೆ ಸಾಕಿತ್ತು.

ಏನು ಮಾಡಲಿ ಬರೆ.

ನಯನಾ

ಹರದನಹಳ್ಳಿ
31 ಆಗಸ್ಟ್ 2024

ನಯನ,

ದೀಪ ಹಚ್ಚಿದೆಯಾ? ಅಯ್ಯೋ ನನ್ನ ಮಗಳೆ.

ಇವತ್ತೇ ಹೇಳಿಬಿಡು ಅಂತ ಬರೆಯಲು ಕೂತೆ, ಕೈ ಬರುತ್ತಿಲ್ಲ. ನೀನು ಬೇಡ ಅಂದರೂ ಮಗಳು ಬಸುರಿ ಅಂತ ಇಲ್ಲಿ ಎಲ್ಲರಿಗೂ ಹೇಳಿಬಿಟ್ಟಿದ್ದೇನೆ. ಅಂಗನವಾಡಿಯ ಟೀಚರ್ ನಿನಗೆ ಅಂತ ಶ್ಯಾವಿಗೆ ಮಾಡಿಸಿಕೊಟ್ಟಿದ್ದಾರೆ. ನೀನೇನೂ ಹೇಳಬೇಡ. ಗೌರಿ ಹಬ್ಬಕ್ಕೆ ಬಾಗಿನ ತರುತ್ತೇನಲ್ಲ, ಆಗ ನಾನೇ ಭಾಗ್ಯಮ್ಮನ ಕಾಲು ಹಿಡಿದು ಎಲ್ಲ ಹೇಳುತ್ತೇನೆ. ಕಾಯಿಲೆಯದ್ದೂ ಹೇಳುತ್ತೇನೆ. ಮೊದಲ ಸುಳ್ಳು ನನ್ನದು, ನಿನ್ನದಲ್ಲ.

ಸೋಮಮ್ಮ

ಪುಣಜನೂರು
29 ಸೆಪ್ಟೆಂಬರ್ 2024

ನಯನಾ,

ನಿನ್ನ ಫೋನ್ ಆಫ್ ಬರುತ್ತಿದೆ. ಅದಕ್ಕೆ ಬರೆಯುತ್ತಿದ್ದೇನೆ. ನನಗೆ ಕಾಗದ ಬರೆದು ಅಭ್ಯಾಸವಿಲ್ಲ, ತಪ್ಪಿದ್ದರೆ ಬಿಡು.

ಗುಂಡ್ಲುಪೇಟೆಯ ಆಸ್ಪತ್ರೆಯಲ್ಲಿ ಆದದ್ದನ್ನು ನಮ್ಮ ಅವ್ವ ಹೇಳಿದರು. ತಾಯಿ ಕಾರ್ಡಿಗೆ ಸಾಲಿನಲ್ಲಿ ನಿಂತಿದ್ದೆಯಂತೆ, ನಿಂತವಳು ಬಿದ್ದೆಯಂತೆ. ಮಲಗಿಸಿ ನಾಡಿ ನೋಡಿದ ಸಿಸ್ಟರ್, "ಎಲ್ಲ ನಾರ್ಮಲ್ ಇದೆ, ಸುಮ್ಮನೆ ಹೆದರ್ಕಂಡವ್ಳೆ" ಅಂದರಂತೆ. ಆಮೇಲೆ ಸ್ಕ್ಯಾನು. ಆಮೇಲಿನದು ನಿನಗೇ ಗೊತ್ತು. ಬಸ್ಸಿಳಿದು ಮನೆಗೆ ಬಂದು ಅವ್ವ ನೀರು ಕುಡಿಯುವಷ್ಟರಲ್ಲಿ ನೀನು ಬ್ಯಾಗ್ ತಗೊಂಡು ಹೊರಟುಹೋಗಿದ್ದೆ.

ನನ್ನದೂ ಒಂದೆರಡು ಪ್ರಶ್ನೆ ಇದೆ. ಶನಿವಾರ ಶನಿವಾರ ನಾನು ಬಂದಾಗ ನಿನ್ನ ಹೊಟ್ಟೆಗೆ ಕಿವಿಯಿಟ್ಟು ಮಲಗುತ್ತಿದ್ದೆನಲ್ಲ, ಆಗ ನಿನಗೆ ಏನನ್ನಿಸುತ್ತಿತ್ತು? ಗೌರಿ ಹಬ್ಬಕ್ಕೆ ಬಂದು ಹಸಿರು ಬಳೆ ತೊಡಿಸಿ, ಹೋಳಿಗೆ ಉಂಡು ಹೋದ ನಿಮ್ಮ ಅವ್ವನಿಗೂ ಗೊತ್ತಿತ್ತಾ?

ಉತ್ತರ ಬೇಡ. ಅವ್ವ ಹೇಳಿಕಳಿಸಿದ್ದು ಬೇರೆ. "ಕೂಸು ನಿಲ್ನಿಲ್ಲ, ಓಯ್ತು ಅಂತ ಊರ್ಗೆಲ್ಲ ಏಳ್ಬುಟ್ಟಿವ್ನಿ. ಅವ್ಳೂ ಅಂಗೇ ಏಳ್ಲಿ. ತವರಲ್ಲಿ ಒಂದ್ ತಿಂಗ್ಳು ಬಾಣಂತಿ ತರ ಇದ್ದು ಬಂದ್ಬುಡ್ಲಿ. ಎರಡು ಮನೆ ಮಾನಾನೂ ಉಳೀತದ." ಹೀಗಂದರು. ನನಗೂ ಅದೇ ಸರಿ ಅನ್ನಿಸುತ್ತದೆ. ಯಾರೂ ನಿನ್ನನ್ನು ಬೈಯುವುದಿಲ್ಲ, ಪಾಪ ಅನ್ನುತ್ತಾರೆ. ಹೂಂ ಅಂತ ಒಂದು ಮಾತು ಬರೆ, ದೀಪಾವಳಿಗೆ ಬಂದು ಕರೆದುಕೊಂಡು ಹೋಗುತ್ತೇನೆ.

ರಘುನಾಥ

ಹರದನಹಳ್ಳಿ
13 ಅಕ್ಟೋಬರ್ 2024

ಅತ್ತೆಗೆ, ನಿಮ್ಮ ಕಾಲಿಗೆ ಬಿದ್ದು ನಯನಾ ಬರೆಯುವುದು.

ನಿಮ್ಮ ಮಗನಿಗೆ ಉತ್ತರ ಬರೆಯಲು ಧೈರ್ಯ ಸಾಲಲಿಲ್ಲ. ಅವರು ಕೇಳಿದ ಎರಡು ಪ್ರಶ್ನೆಗೆ ಉತ್ತರ ಇಲ್ಲೇ ಹೇಳುತ್ತೇನೆ, ಓದಿದರೆ ಅವರಿಗೂ ತಿಳಿಯುತ್ತದೆ. ಅವರು ಕಿವಿಯಿಟ್ಟಾಗ ಸತ್ತುಹೋಗಬೇಕು ಅನ್ನಿಸುತ್ತಿತ್ತು. ಅವ್ವನಿಗೆ ಗೊತ್ತಿತ್ತು. ಹೇಳಲೆಂದೇ ಬಂದಿದ್ದಳು. ನೀವು ಅವಳ ಕೈಗೆ ಹೋಳಿಗೆ ತಟ್ಟೆ ಕೊಟ್ಟು "ಬೀಗಿತಿ, ಇನ್ ನಾವಿಬ್ರೂ ಅಜ್ಜೀರು" ಅಂದಿರಿ. ಆಮೇಲೆ ಅವಳ ಬಾಯಿ ಬಿದ್ದುಹೋಯಿತು.

ನನ್ನ ಕಾಯಿಲೆ ಮದುವೆಗೆ ಮುಂಚಿನದು. ಮಲಗಿದ್ದಾಗ ನನ್ನ ಗುಂಡಿಗೆ ನಿಮ್ಮದರಂತೆಯೇ ಬಡಿಯುತ್ತದೆ. ಎದ್ದು ನಿಂತರೆ ರಕ್ತವೆಲ್ಲ ಕಾಲಿಗಿಳಿದು, ಅದನ್ನು ತಲೆಗೆ ಹತ್ತಿಸಲು ಅದು ಓಡತೊಡಗುತ್ತದೆ. ನಿಂತಷ್ಟು ಹೊತ್ತೂ ಓಡುತ್ತದೆ. ಮಲಗಿಸಿ ನೋಡಿದವರೆಲ್ಲ ಚೆನ್ನಾಗಿದ್ದೀಯ ಅನ್ನುತ್ತಾರೆ, ಅವರ ತಪ್ಪೂ ಅಲ್ಲ. ನಾನು ಉಪ್ಪು ನೆಕ್ಕುತ್ತಿದ್ದುದು ಅದಕ್ಕೆ. ಬಚ್ಚಲಲ್ಲಿ ಕೂರುತ್ತಿದ್ದುದು ಅದಕ್ಕೆ. ನೀವು ಬಸುರಿ ಎಂದಾಗ ಸುಮ್ಮನಿದ್ದುದೂ ಅದಕ್ಕೇ. ಕೂರುವುದಕ್ಕೆ ಒಂದು ನೆಪ ಸಿಕ್ಕಿತ್ತು ಅತ್ತೆ, ಬಿಡಲು ಮನಸ್ಸು ಬರಲಿಲ್ಲ. ಮುಟ್ಟಾದಾಗಲೂ ದೇವರ ದೀಪ ಹಚ್ಚಿದ್ದೇನೆ. ಅದನ್ನೂ ಹೇಳಿಬಿಡುತ್ತೇನೆ.

ಕೂಸು ಹೋಯಿತು ಅಂತ ಹೇಳು ಅಂದಿರಿ. ನೀವು ಊರಿಗೆ ಹೇಳಿದ್ದು ನಮ್ಮ ಮಾದಣ್ಣನ ಬಾಯಲ್ಲಿ ನಿಮ್ಮ ಮಗನ ಕಾಗದಕ್ಕಿಂತ ಮುಂಚೆ ಇಲ್ಲಿಗೆ ಬಂದಿತ್ತು. ಮೂರನೇ ದಿನ ನಮ್ಮ ಬೀದಿಯ ಪುಟ್ಟಿ ಬಂದಳು. ಹೋದ ವರ್ಷ ಅವಳಿಗೆ ಆರು ತಿಂಗಳಲ್ಲಿ ಹೋಗಿತ್ತು. ಬಿಸಿಬಿಸಿ ಮೆಣಸಿನ ಸಾರು ತಂದು ನನಗೆ ಕುಡಿಸಿ, ಕೈ ಹಿಡಿದುಕೊಂಡು, "ಅಳಬೇಡ ಕಣಕ್ಕ, ನಂಗೂ ಇಂಗೇ ಆಯ್ತು" ಅಂತ ತಾನೇ ಅತ್ತಳು. ತನ್ನ ಕೂಸಿಗೆ ಇಟ್ಟುಕೊಂಡಿದ್ದ ಹೆಸರನ್ನು ನನಗೆ ಹೇಳಿದಳು. ಗಂಡನಿಗೂ ಹೇಳಿರಲಿಲ್ಲವಂತೆ. ನನಗೆ ತಡೆಯಲಾಗಲಿಲ್ಲ. ನನಗೆ ಕೂಸೇ ಇರಲಿಲ್ಲ ಪುಟ್ಟಿ ಅಂದೆ. ಅವಳು ನನ್ನ ಕೈ ಬಿಟ್ಟು, ಪಾತ್ರೆ ತಗೊಂಡು ಎದ್ದುಹೋದಳು. ಈಗ ಬೀದಿಯಲ್ಲಿ ಎದುರಾದರೆ ಮುಖ ತಿರುಗಿಸುತ್ತಾಳೆ.

ಆದ್ದರಿಂದ ಆ ಮಾತನ್ನು ನಾನು ಹೇಳಲಾರೆ ಅತ್ತೆ. ಹೇಳಿದರೆ ಒಂದು ತಿಂಗಳು ಎಲ್ಲರೂ ನನ್ನನ್ನು ಕೂರಿಸುತ್ತಾರೆ, ಆಮೇಲೆ ಮತ್ತೆ ಅದೇ ಒಲೆ, ಮತ್ತೆ ಒಂದು ನೆಪ. ಅವ್ವ ಹೂಂ ಅನ್ನು ಅಂತ ದಿನಾ ಅಳುತ್ತಾಳೆ. ನನಗೂ ಮನೆಗೆ ಬರುವ ಆಸೆಯಿದೆ. ಸುಳ್ಳು ಹೇಳಿದ್ದಕ್ಕೆ ನೀವು ಏನು ಶಿಕ್ಷೆ ಕೊಟ್ಟರೂ ಸರಿ, ನಾಲ್ಕು ಜನರ ಎದುರು ಬೈದರೂ ಸರಿ. ನಿಲ್ಲುವ ಶಿಕ್ಷೆಯೊಂದು ಮಾತ್ರ ನನ್ನಿಂದ ಆಗುವುದಿಲ್ಲ. ಕೂರುವ ಸೊಸೆ ಬೇಡ ಅಂದರೆ ನಾನು ಬರುವುದಿಲ್ಲ.

ಕ್ಷಮಿಸಿ ಎನ್ನಲೂ ಮುಖವಿಲ್ಲದ
ನಯನಾ

ಬೇಗೂರು
17 ನವೆಂಬರ್ 2024

ನಯನಾ, ಅವ್ವ ಹೇಳುತ್ತಿದ್ದಾರೆ, ನಾನು ಬರೆಯುತ್ತಿದ್ದೇನೆ. ಒಂದಕ್ಷರ ತಿದ್ದಬಾರದಂತೆ. — ರಘು

ನಯನ,

ನಿನ್ ಕಾಗ್ದ ಬಂದು ತಿಂಗ್ಳಾಯ್ತು. ರಘು ಒಂದ್ಸಲ ಓದ್ದ, ಸಾಕು ನಿಲ್ಸು ಅಂದೆ. ಆಮೇಲ್ ನಾನೇ ಇನ್ನೊಂದ್ಸಲ ಓದು ಅಂದೆ. ಕೋಪ ಇಳ್ದದ ಅಂತ ತಿಳ್ಕಬೇಡ. ಬೀದೀಲಿ ಸಕ್ಕರೆ ಹಂಚ್ದೋಳು ನಾನು. ಆ ಸಕ್ಕರೆ ತಿಂದೋರೆಲ್ಲ ಈಗ ನನ್ ಮುಖ ನೋಡ್ತರೆ. ದೀಪ ಹಚ್ಚಿದ್ದು ನೀನುಂಟು ದೇವ್ರುಂಟು, ಅದ್ಕೆ ನಾನ್ ಬರಕಿಲ್ಲ.

ನಿಮ್ಮ ಪುಟ್ಟಿ ಕತೆ ಕೇಳ್ದಾಗಿಂದ ಅನ್ನ ಸೇರ್ನಿಲ್ಲ. ನಂಗೂ ರಘು ಆದ್ಮೇಲೆ ಒಂದ್ ಓಗಿತ್ತು. ಅಂತಾದ್ದ ನಾನು ಮಾನ ಉಳಿಸ್ಕಳಕೆ ಬಾಯ್ಗೆ ಬಂದಂಗ್ ಏಳ್ಬುಟ್ಟೆ. ಮೊನ್ನೆ ಹೆಂಗಸ್ರ ಸಂಘದ್ ಮೀಟಿಂಗ್ನಲ್ಲಿ ಎದ್ ನಿಂತು ಏಳ್ದೆ. ಕೂಸು ಇರ್ನೂ ಇಲ್ಲ, ಓಗ್ನೂ ಇಲ್ಲ. ನನ್ ಸೊಸೆಗೆ ನಿಂತ್ರೆ ಗುಂಡ್ಗೆ ಓಡೋ ಕಾಯ್ಲೆ ಅಂದೆ. ಒಬ್ಳು, "ಒಳ್ಳೆ ಕಾಯ್ಲೆ ಕಣಕ್ಕ, ನಮ್ಗೂ ಬರ್ಲಿ" ಅಂದ್ಳು. ಎಲ್ರೂ ನಕ್ರು. ನಂಗೆ ಅವ್ಳ್ ಮೇಲೆ ಸಿಟ್ಟು ಬರ್ನಿಲ್ಲ. ಬ್ಯಾರೆಯೋರ್ ಸೊಸೆ ಆಗಿದ್ರೆ ನಾನೂ ನಗ್ತಿದ್ದೆ. ಅದ ನೆನಸ್ಕಂಡ್ರೆ ನಾಚ್ಕೆ ಆಯ್ತದ.

ಇನ್ನೊಂದ್ ಅದ, ಅದ ಯಾರ್ಗೂ ಏಳಿಲ್ಲ. ನೀನು ರೊಟ್ಟಿ ಸುಡೋವಾಗ ನಾನು ಹಿಂದ್ಗಡೆ ಕುಂತು ತರ್ಕಾರಿ ಎಚ್ತಿದ್ನಲ್ಲ, ನಿನ್ ಪಾದ ನೇರಳೆ ಹಣ್ಣಿನ್ ಬಣ್ಣ ತಿರುಗ್ತಿತ್ತು. ಒಂದಿನ ಅಲ್ಲ, ದಿನಾ ನೋಡಿವ್ನಿ. ಏನಮ್ಮಿ ಅದು ಅಂತ ಒಂದ್ ಮಾತ್ ಕೇಳ್ನಿಲ್ಲ. ರೊಟ್ಟಿ ಆಯ್ತಾ ಅಂತ ಕೇಳ್ದೆ. ನಿಮ್ಮವ್ವ ಮುಚ್ಚಿಟ್ಲು, ನೀನ್ ಮುಚ್ಚಿಟ್ಟೆ, ಸರಿ. ನಂಗೆ ಕಣ್ಣಿತ್ತಲ್ಲ? ಬಸುರಿ ಅಂತ ಗೊತ್ತಾದ್ ಗಳಿಗೆಗೆ ಕುಂತ್ಕೊ ಅಂದೆ. ಇಲ್ದಿದ್ದ ಕೂಸ್ಗೆ ಕುರ್ಚಿ ಕೊಟ್ಟೆ. ಕಣ್ ಮುಂದೆ ಇದ್ದ ನಿಂಗೆ ಕೊಡ್ನಿಲ್ಲ. ನೀನ್ ಏಳಿದ್ ಸುಳ್ಳು ಊರ್ಗೆಲ್ಲ ಗೊತ್ತಾಯ್ತು. ಇದು ಗೊತ್ತಾಗಿಲ್ಲ, ಅದ್ಕೇ ಇದು ಜಾಸ್ತಿ ಚುಚ್ಚತದ.

ನಿಮ್ ಮಾವಂಗೂ ಏಳಿವ್ನಿ. ಮೊದ್ಲು ಮುಖ ಊದಿಸ್ಕಂಡ್ರು. ಆಮೇಲೆ, "ಕುಂತ್ಕಂಡೇ ಮಾಡ್ಲಿ ಬುಡು, ಅಡ್ಗೆ ಏನ್ ಕೆಡ್ತದ" ಅಂದ್ರು. ಸಾರ್ನ ಎರಡ್ ಪಾತ್ರೇಲಿ ಮಾಡನ. ನಿಂದು ನಿಂಗೆ, ಅವರ್ದು ಅವ್ರ್ಗೆ.

ಬರೋ ಭಾನ್ವಾರ ಬಸ್ಸಿಗೆ ಬಾ. ರಘು ಗಾಡಿ ತಗಂಡ್ ನಿಂತಿರ್ತನೆ. ಮಾವ ಬಾಗ್ಲು ತೆಗೀತರೆ. ನಾನ್ ಮನೇಲ್ ಇರಕಿಲ್ಲ, ಜಮೀನ್ತವ ಇರ್ತಿನಿ. ಸಿಟ್ಟಿಗಲ್ಲ. ನಿನ್ ಮುಖ ನೋಡಕೆ ನಂಗೇ ಒಂದರ್ಧ ದಿನ ಬೇಕು. ಸಂಜೆ ಬತ್ತಿನಿ. ನಾನ್ ಒಳಕ್ ಬಂದಾಗ ಎದ್ ನಿಂತ್ಕಬೇಡ.

ಭಾಗ್ಯ